ಹೆಸರಿಲ್ಲದ ಎರಡು ಬಟನ್

ಚಿಕ್ಕಂದಿನಲ್ಲೇ ನನಗೆ ಕಣ್ಣು ಹೋಯಿತು. ಹುಣಸೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಮನೆ ಕಂಪಲಾಪುರದ ಹತ್ತಿರ. ಪರದೆಯ ಮೇಲಿರುವುದನ್ನು ನನ್ನ ಫೋನು ಓದಿ ಹೇಳುತ್ತದೆ. ಬ್ಯಾಂಕಿನ ವ್ಯವಹಾರ, ರಜೆ ಅರ್ಜಿ, ಎಲ್ಲವನ್ನೂ ಹಾಗೇ ಕೇಳಿಸಿಕೊಂಡು ಒಬ್ಬಳೇ ಮುಗಿಸುತ್ತೇನೆ. ಆದರೆ ವೆಬ್‌ಸೈಟು ಮಾಡಿದವರು ನಮ್ಮಂಥವರೂ ಇದ್ದಾರೆಂದು ನೆನೆಸಿಕೊಂಡಿರಬೇಕು. ಇಲ್ಲದಿದ್ದರೆ ಫೋನು ‘ಬಟನ್, ಬಟನ್, ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಾಗಿರಲಿಲ್ಲ. ಕಣ್ಣಿಲ್ಲದವಳ ಹೊಟ್ಟೆಯಲ್ಲೂ ಏನೋ ಐಬಿದೆ ಎಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದರು. ಕೊನೆಗೆ ಗಂಡನನ್ನು ಒಪ್ಪಿಸಿ ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ನನಗೆ ಥೈರಾಯ್ಡಿನದು, ಅವರಿಗೆ ಬೇರೆಯದು, ಇಬ್ಬರಿಗೂ ಪರೀಕ್ಷೆ ಮಾಡಿದರು. ಇಬ್ಬರ ರಿಪೋರ್ಟೂ ವೆಬ್‌ಸೈಟಿನಲ್ಲಿ ಸಿಗುತ್ತದೆ ಎಂದು ನನ್ನ ಮೊಬೈಲ್ ನಂಬರ್ ಬರೆದುಕೊಂಡರು.

ಅದು ಹೊಗೆಸೊಪ್ಪು ಬೇಯಿಸುವ ಕಾಲ. ಗಂಡ ಬ್ಯಾರನ್ನಿನಲ್ಲಿ, ಸೊಪ್ಪು ಒಣಗಿಸುವ ಗೂಡಿನಲ್ಲಿ, ಬೆಂಕಿ ನೋಡಿಕೊಳ್ಳುತ್ತಿದ್ದರು. ಅಂಗಳದಲ್ಲಿ ನನ್ನ ವಾರಗಿತ್ತಿಯೂ ಕೂಲಿಯ ಹೆಂಗಸರೂ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂತಿದ್ದರು. ಫೋನಿಗೆ ಸಂದೇಶ ಬಂತು. ವೆಬ್‌ಸೈಟು ತೆರೆದೆ. “ಬಟನ್. ಬಟನ್.” ಯಾವುದಕ್ಕೂ ಹೆಸರಿಲ್ಲ. ಮೊದಲನೆಯದು ನನ್ನದೇ ಇರಬೇಕೆಂದು ಒತ್ತಿದೆ. “ಚಿತ್ರ” ಎಂದಿತು ಫೋನು. ರಿಪೋರ್ಟನ್ನು ಅಕ್ಷರವಾಗಿ ಹಾಕದೆ ಫೋಟೊ ತೆಗೆದು ಹಾಕಿದ್ದರು.

ನನ್ನ ಥೈರಾಯ್ಡಿನದ್ದೇ ತಾನೆ, ಅದರಲ್ಲಿ ಮುಚ್ಚಿಡುವಂಥದ್ದೇನು ಎಂದುಕೊಂಡು ವಾರಗಿತ್ತಿಯ ಬಳಿ ಹೋದೆ.

“ಕೈಯೆಲ್ಲ ಅಂಟು ಕಣಕ್ಕ, ನೀನೇ ಇಡ್ಕೊ, ಓದ್ತೀನಿ,” ಎಂದಳು. ಅವಳ ಮುಖದ ಮುಂದೆ ಫೋನು ಹಿಡಿದು ನಿಂತೆ. ಪಿಯುಸಿವರೆಗೆ ಓದಿದವಳು, ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು.

“ಸೆಮೆನ್... ಕೌಂಟ್... ನಿಲ್. ನಿಲ್ ಅಂದ್ರೆ ಏನೂ ಇಲ್ಲ ಅಂತ ಅಲ್ವಾ ಅಕ್ಕ? ಅಯ್ಯೋ, ಇದ್ರಲ್ಲಿ ಭಾವನ ಎಸ್ರೈತೆ!”

ಸೊಪ್ಪು ಕಟ್ಟುವ ಸದ್ದು ನಿಂತುಹೋಯಿತು. ಯಾರೋ ಒಬ್ಬಳು ಮೆಲ್ಲಗೆ, “ನಾವು ಇವ್ಳದ್ದೇ ಐಬು ಅಂದ್ಕೊಂಡಿದ್ವಲ್ಲೇ,” ಎಂದಳು. ಅಷ್ಟು ವರ್ಷ ನನ್ನ ಮೇಲಿದ್ದ ಅಪವಾದ ಆ ಕ್ಷಣ ಇಳಿಯಿತು. ಯಾರಿಗೆ ಬೇಕಿತ್ತು ಆ ಬಿಡುಗಡೆ!

ಸುದ್ದಿ ನನಗಿಂತ ಮೊದಲೇ ಬ್ಯಾರನ್ ಮುಟ್ಟಿತ್ತು. ಗಂಡ ಬಂದು ಬಾಗಿಲಲ್ಲೇ ನಿಂತರು. “ನನ್ ಮಾನವ ಅಂಗಳದಲ್ಲಿ ಓದುಸ್ಬುಟ್ಯಲ್ಲ.”

“ಎರಡು ಬಟನ್ ಇತ್ತು ಕಣ್ರೀ. ಯಾವ್ದು ಯಾರ್ದು ಅಂತ ಅದು ಹೇಳ್ಲೇ ಇಲ್ಲ.”

“ಬುಡು. ಇನ್ನ ಆಸ್ಪತ್ರೆ ಸುದ್ದಿ ಎತ್ಬ್ಯಾಡ.”

ಡಾಕ್ಟರಿಗೆ ಫೋನು ಮಾಡಿದಾಗ, ಇನ್ನೊಂದು ಪರೀಕ್ಷೆ ಆಗಬೇಕು, ಚಿಕಿತ್ಸೆಯಿಂದ ಸರಿಹೋಗಲೂಬಹುದು, ಕರೆದುಕೊಂಡು ಬನ್ನಿ ಎಂದರು. ಇವರು ಬರಲಿಲ್ಲ. ಕಾಲು ಹಿಡಿದು ಬೇಡಿದರೂ ಬರಲಿಲ್ಲ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ವೆಬ್‌ಸೈಟು ನೋಡಿಕೊಳ್ಳುವವನು ಮರ್ಯಾದೆಯಿಂದಲೇ ಕುರ್ಚಿ ಕೊಟ್ಟ.

“ನಿಮ್ಮನೇಲಿ ಯಾರಾದ್ರೂ ಇರ್ತಾರಲ್ಲ ಮೇಡಂ, ಓದಿಸ್ಕೋಬಹುದಲ್ಲ?”

“ಓದಿಸ್ಕೊಂಡೇ ಬಂದಿದ್ದೀನಿ,” ಎಂದೆ.

ಬಟನ್ನಿಗೊಂದು ಹೆಸರು ಬೇಕು, ರಿಪೋರ್ಟು ಫೋಟೊ ಆಗದೆ ಅಕ್ಷರವಾಗಿರಬೇಕು ಎಂದು ಬಿಡಿಸಿ ಹೇಳಿದೆ. ನನ್ನ ಫೋನಿನಲ್ಲೇ ಕೇಳಿಸಿದೆ. ಅವನು ಕೇಳಿ, “ಅಷ್ಟೇನಾ? ಅರ್ಧ ದಿನದ ಕೆಲಸ ಮೇಡಂ. ಯಾರೂ ಹೇಳಿರ್ಲಿಲ್ಲ, ಅದಕ್ಕೇ,” ಎಂದ.

ಅರ್ಧ ದಿನದ ಕೆಲಸ! ಅವನ ಮೇಲೆ ರೇಗಲೂ ಆಗಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಆಮೇಲೆ ಯಾವಾಗಲೋ ಸರಿಮಾಡಿದರಂತೆ. ನನ್ನಂತೆಯೇ ಕಣ್ಣಿಲ್ಲದ ಗೆಳತಿಯೊಬ್ಬಳು ಕೆ.ಆರ್. ನಗರದಿಂದ ಫೋನು ಮಾಡಿ, “ಎಲ್ಲ ಚೆನ್ನಾಗಿ ಓದುತ್ತೆ ಕಣೇ, ಹೆಸರು ಸಮೇತ,” ಎಂದು ಸಂಭ್ರಮಪಟ್ಟಳು. ಒಳ್ಳೆಯದಾಯಿತು ಎಂದೆ. ನಮ್ಮ ಮನೆಯಲ್ಲಿ ಈಗ ಆ ಆಸ್ಪತ್ರೆಯ ಹೆಸರು ಎತ್ತುವವರಿಲ್ಲ. ನನ್ನ ಫೋನು ಮಾತಾಡತೊಡಗಿದರೆ ಗಂಡ ಚಾಪೆಯಿಂದೆದ್ದು ಹೊರಗೆ ಹೋಗುತ್ತಾರೆ.