ಮಹಬೂಬ್ ಬಿ ದನಿಯ ಮೂರು ಪಾಲು

ತರೀಕೆರೆಯ ಶಿರೀನ್ ತಾಜ್ ಹೊಲಿಗೆಯವಳು. ಊರಿನ ಅರ್ಧ ಹೆಂಗಸರ ಅಳತೆ ಬಾಯಿಪಾಠವಿರುವ ಇವಳ ಹತ್ತಿರ ಸ್ವಂತ ತಾಯಿಯದೊಂದು ಫೋಟೋ ಇರಲಿಲ್ಲವೆಂದರೆ ನಂಬುತ್ತೀರಾ? ತಾಯಿ ಮಹಬೂಬ್ ಬಿ ಅಂಥ ಹಟಮಾರಿ. ಕ್ಯಾಮೆರಾ ಕಂಡಿತೋ, ಸೆರಗು ಮುಖದ ಮೇಲೆ! ಮದುವೆ ಆಲ್ಬಮ್ಮುಗಳ ತುಂಬ ಅವಳ ಮೊಣಕೈ, ಬಳೆ, ಸೆರಗಿನ ಅಂಚು. ಮುಖ ಒಂದರಲ್ಲೂ ಇಲ್ಲ.

ಉಳಿದಿದ್ದು ದನಿಯೊಂದೇ. ಆಸ್ಪತ್ರೆಯ ಹಾಸಿಗೆಯಿಂದ ಮಗಳಿಗೆ ವಾಟ್ಸಾಪಿನಲ್ಲಿ ಕಳಿಸಿದ ಪುಟ್ಟ ಮಾತು. ಆಮೇಲೆ ಮುದುಕಿ ಮನೆಗೆ ಬರಲೇ ಇಲ್ಲ.

ಫೋನನ್ನು ನಂಬಿ ಕೂರಬಾರದೆಂದು ಶಿರೀನ್‌ಗೆ ಗೊತ್ತಿತ್ತು. ಬಕ್ರೀದಿನ ಕುರ್ಬಾನಿ ಮಾಂಸವನ್ನು ಮನೆಗೊಂದು, ನಂಟರಿಗೊಂದು, ಬಡವರಿಗೊಂದು ಎಂದು ಹಂಚುವ ಹಾಗೆಯೇ ಆ ದನಿಯನ್ನೂ ಮೂರು ಪಾಲು ಮಾಡಿದಳು. ಒಂದು ತನ್ನ ಫೋನಿನಲ್ಲಿ. ಇನ್ನೊಂದು ಪೆನ್‌ಡ್ರೈವಿನಲ್ಲಿ ಶಿವನಿ ಊರಿಗೆ ಮದುವೆಯಾಗಿ ಹೋದ ತನ್ನ ತಂಗಿ ತರನ್ನುಮ್‌ಗೆ. ಮೂರನೆಯದು ಮೆಮೊರಿ ಕಾರ್ಡಿನಲ್ಲಿ ಪಕ್ಕದ ಮನೆಯ ಮಲ್ಲಿಕಾಂಬನಿಗೆ, ತಾಯಿಯ ಹಳೆಯ ಗೆಳತಿಗೆ.

“ಲೇ, ಫೋನಿಗೂ ಕುರ್ಬಾನಿನಾ?” ಎಂದು ಗಂಡ ಖಲಂದರ್ ನಕ್ಕ.

“ಓಹೋ, ಬಡವರ ಪಾಲು ನಂಗಾ? ಕೊಡು ಕೊಡು,” ಎಂದು ಮಲ್ಲಿಕಾಂಬ ಕಾರ್ಡನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು.

ಎಲ್ಲ ಸರಿ. ಆದರೆ ಕೊಟ್ಟ ಪಾಲನ್ನು ಏನು ಮಾಡಿದಿರಿ ಅಂತ ಯಾರಾದರೂ ಕೇಳುತ್ತಾರೆಯೇ? ಛೆ, ಮರ್ಯಾದೆಯಲ್ಲ. ಇವಳೂ ವರ್ಷಗಟ್ಟಲೆ ಕೇಳಲಿಲ್ಲ. ತಪ್ಪಿದ್ದು ಅಲ್ಲೇ.

ಈಚೆಗೊಂದು ದಿನ ಫೋನು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿತ್ತು. ಕಡೂರಿನ ರಿಪೇರಿಯವನೂ ಕೈಚೆಲ್ಲಿದ. ಖಲಂದರನ ಫೋನಿನಿಂದ ತಂಗಿಗೆ ಮಾತಾಡಿದರೆ ತರನ್ನುಮ್ ಅಳತೊಡಗಿದಳು. “ಆಪಾ, ಇವ್ರು ಆ ಪೆನ್‌ಡ್ರೈವಲ್ಲಿದ್ದಿದ್ನೆಲ್ಲ ಅಳಿಸಿ ಆಟೋಗೆ ಹಾಡು ತುಂಬ್ಸ್ಕೊಂಡ್ಬಿಟ್ಟವ್ರೆ. ನಂಗೂ ಈಗ್ಲೇ ಗೊತ್ತಾಗಿದ್ದು.”

ಆ ದನಿಯೂ ಹೋದರೆ ಇನ್ನೇನು ಉಳಿಯಿತು, ಮೊಣಕೈಯಾ? ಶಿರೀನ್ ಚಪ್ಪಲಿ ಮೆಟ್ಟದೆ ಪಕ್ಕದ ಮನೆಗೆ ಓಡಿದಳು.

ಮಲ್ಲಿಕಾಂಬ ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದಳು.

“ಮಲ್ಲಕ್ಕಾ, ಆ ಕಾರ್ಡು...”

“ಅಯ್ಯೋ, ಯಾಕೆ ಹಿಂಗೆ ಏದುಸಿರು ಬಿಡ್ತಿದೀಯ? ಇಲ್ಲೇ ಐತೆ, ಕೂತ್ಕೊ.” ಆ ಕಾರ್ಡು ಸಿಕ್ಕಿಸಿದ್ದ, ವಚನ ಕೇಳುವ ಪುಟ್ಟ ಪೆಟ್ಟಿಗೆಯನ್ನು ಎತ್ತಿಕೊಂಡು ಗುಂಡಿ ಒತ್ತಿದಳು.

“ಮೈ ಅಚ್ಛೀಚ್ ಹೂಂ. ನಕ್ಕೊ ರೋ,” ಅಂದಿತು ಪೆಟ್ಟಿಗೆ. ನಾನು ಚೆನ್ನಾಗೇ ಇದೀನಿ, ಅಳಬೇಡ.

ಅಬ್ಬಾ! ಅದೇ ದನಿ, ಅದೇ ಗೊರಗೊರ. ಆದರೆ ಅದಕ್ಕಿಂತ ದೊಡ್ಡ ಬೆರಗು ಎದುರಿಗೇ ನಿಂತಿತ್ತು. ಜೀವಮಾನವಿಡೀ ಮಹಬೂಬ್ ಬಿ ಜೊತೆ ಕನ್ನಡ ಬಿಟ್ಟು ಬೇರೆ ಮಾತಾಡದ ಮಲ್ಲಿಕಾಂಬನ ತುಟಿ ಆ ದಖನಿ ಮಾತನ್ನು ಜೊತೆಜೊತೆಗೇ ಆಡುತ್ತಿತ್ತು, ಒಂದಕ್ಷರ ತಪ್ಪದೆ. ಮಹಬೂಬ್ ಬಿ ಕೆಮ್ಮಿದ ಕಡೆ ಇವಳೂ ತಡೆದು ಕಾದಳು. ದಿನಾ ಕೇಳದವರಿಗೆ ಇದೆಲ್ಲ ಬರುತ್ತದೆಯೇ?

“ಮಲ್ಲಕ್ಕಕು ಸಲಾಮ್ ಬೋಲ್,” ಎಂದು ದನಿ ಮುಗಿಯಿತು. ಮಲ್ಲಕ್ಕನಿಗೆ ಸಲಾಂ ಹೇಳು.

ಮಲ್ಲಿಕಾಂಬ ಪೆಟ್ಟಿಗೆಯ ಕಡೆ ಬಾಗಿದಳು. “ಆಯ್ತು ಕಣೇ ಬೀಬಿ. ಇವತ್ತು ಮಗಳು ಬಂದವ್ಳೆ, ನೀನೇ ಮಾತಾಡು,” ಎಂದು ಮತ್ತೆ ಗುಂಡಿ ಒತ್ತಿದಳು.