ಓದಿಗೆ ಸಂಬಳ ಹುಡುಕುವ ಪದ್ಮಕ್ಕ

ಆಂಧ್ರದ ಗಡಿಯ ಕಲ್ಯಾಣದುರ್ಗದಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ತಮ್ಮ ಅಕ್ಕನ ಮನೆಯಲ್ಲಿ ಆಂಜನೇಯನ ಪಟಕ್ಕೆ ದೀಪವಿಟ್ಟು, ಕೈಮುಗಿದು ಬಂದ ಪದ್ಮಲತಾ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆಯುತ್ತಾರೆ. ಎದುರಿನ ಚಾಪೆಯ ಮೇಲೆ ಕಂಬದೂರಿನಿಂದ ಮೊದಲ ಬಸ್ಸಿಗೆ ಬಂದ ಹರಿತಾ, ಪಕ್ಕದಲ್ಲಿ ತಾಯಿ ರಾಮಾಂಜಿನಮ್ಮ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಹರಿತಾಳಿಗೆ ಕುರಿರೋಗಗಳ ಮೇಲೆ ಪಿಎಚ್‌.ಡಿ. ಮಾಡುವಾಸೆ. ಹೊರರಾಜ್ಯದ ಕೇಂದ್ರವೊಂದು ತಿಂಗಳ ವೇತನ ಕೊಟ್ಟು ಸಂಶೋಧನೆಗೆ ಕರೆದಿದೆ. ಅರ್ಜಿಗೆ ಇಂದೇ ಕಡೆಯ ದಿನ. ಹಿಂದಿನ ಅರ್ಜಿಗಳಿಗೆ ಉತ್ತರವೇ ಬಂದಿಲ್ಲ. ಇದೂ ಕೈತಪ್ಪಿದರೆ ಕೊಡಿಕೊಂಡದ ಅಂಗಡಿಯೊಂದರಲ್ಲಿ ಬಿಲ್ಲು ಬರೆಯಲು ಸೇರುವುದಾಗಿ ಅವಳು ಮನೆಯಲ್ಲಿ ಮಾತು ಕೊಟ್ಟಾಗಿದೆ.

ಪದ್ಮಲತಾ ಹಿಂದೂಪುರದ ಕಾಲೇಜೊಂದರ ಗ್ರಂಥಾಲಯ ಸಹಾಯಕಿ. ಭಾನುವಾರ ಬಂತೆಂದರೆ ಇಲ್ಲಿರುತ್ತಾರೆ. ಶಾಸನ ಓದಬೇಕೆನ್ನುವವನಿಗೆ, ಮಣ್ಣು ಪರೀಕ್ಷಿಸಬೇಕೆನ್ನುವವಳಿಗೆ, ಗಣಿತದ ಹುಚ್ಚು ಹಿಡಿದವನಿಗೆ, ಎಲ್ಲಿ ಫೆಲೋಶಿಪ್ ಕೊಟ್ಟು ಓದಿಸುತ್ತಾರೆಂದು ಹುಡುಕಿಕೊಡುತ್ತಾರೆ. ದಿನಕ್ಕೆ ನಲವತ್ತೈವತ್ತು ಪ್ರಕಟಣೆ ಓದಿದರೆ ಇಲ್ಲಿನ ಮಕ್ಕಳಿಗೆ ಹೊಂದುವುದು ಒಂದೋ ಎರಡೋ.

ಜಾನಪದದಲ್ಲಿ ಸಂಶೋಧನೆ ಮಾಡಲು ತಾವೂ ಹಂಬಲಿಸಿದವರು. "ಫೆಲೋಶಿಪ್ ನೋಟೀಸು ನಮ್ಮ ಲೈಬ್ರರಿಗೇ ಬಂದಿತ್ತು ಕಣಪ್ಪ. ಯಾರೋ ಟಪಾಲು ಕಟ್ಟು ಬಿಚ್ಚೋ ಹೊತ್ಗೆ ಕಡೇ ತಾರೀಕು ದಾಟೋಗಿತ್ತು. ಯಾರ್ನ ಬೈಯಾನ?" ಎಂದು ಕೇಳಿದವರಿಗೆ ಹೇಳಿ ನಗುತ್ತಾರೆ. ನೋವನ್ನು ದೇವರ ಮುಂದಿಟ್ಟು ಎದ್ದು ಬಂದವರಂತೆ, ಮಾತಿನಲ್ಲಿ ಕಹಿಯಿಲ್ಲ.

ಹರಿತಾ ಇಂಗ್ಲಿಷಿನಲ್ಲಿ ಬರೆದು ತಂದ ಪತ್ರದ ಮೊದಲ ಸಾಲು: 'ನಾನು ಬಡ ಕುರಿಗಾಹಿಗಳ ಮಗಳು, ದಯಮಾಡಿ ಅವಕಾಶ ಕೊಡಿ.' ಪದ್ಮಲತಾ ಅದನ್ನು ಅಳಿಸುತ್ತಾರೆ. ಮಗಳಿಂದ ಸಂಗತಿ ಕೇಳಿದ ರಾಮಾಂಜಿನಮ್ಮನ ಮುಖ ಬಾಡುತ್ತದೆ.

"ನಮ್ನೇ ತೆಗೆದ್ಬುಟ್ರಾ ಪದ್ಮಕ್ಕ? ಕುರಿ ಕಾಯೋರು ಅಂದ್ರೆ ಅವರಿಗೆ ಅಸಹ್ಯಾನಾ?"

"ತೆಗೆದಿದ್ದು ಬಡತನಾನ ಕಣಮ್ಮ, ನಿನ್ನಲ್ಲ. ಬಡತನ ಕೇಳಿದ್ರೆ ಅಯ್ಯೋ ಅಂತಾರೆ, ಅಷ್ಟೇಯ. ಕುರಿಗೆ ಹುಷಾರಿಲ್ಲ ಅಂತ ನಿಂಗೆ ಹೆಂಗೆ ಗೊತ್ತಾಯ್ತದೆ? ಅದ್ನ ಹೇಳು."

"ಅದೇನು ದೊಡ್ಡ ಓದಾ, ಚದುವಾ? ಮಂದೆಯಿಂದ ಹಿಂದೆ ಬೀಳ್ತೈತೆ. ಮೆಲುಕು ಹಾಕಾದು ಬಿಡ್ತೈತೆ. ಕಿವಿ ಮುಟ್ಟಿದ್ರೆ ಸುಡ್ತೈತೆ."

ಹರಿತಾಳ ಬೆರಳುಗಳು ಕೀಲಿಗಳ ಮೇಲೆ ಓಡುತ್ತವೆ. ಬರೆದದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳುತ್ತಾಳೆ: 'ಕುರಿಯ ಕಾಯಿಲೆಯ ಮೊದಲ ಗುರುತುಗಳನ್ನು ನನಗೆ ಕಲಿಸಿದವರು ನನ್ನ ತಾಯಿ ರಾಮಾಂಜಿನಮ್ಮ.'

"ಸುಮ್ನಿರೇ! ಅಂಥೋರ ಮುಂದೆ ನನ್ನ ಹೆಸರ್ಯಾಕೆ?" ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಅಳಿಸು ಎಂದು ಮಾತ್ರ ಹೇಳುವುದಿಲ್ಲ.

ಎರಡು ತಿಂಗಳು ಕಳೆದು, ಸಂದರ್ಶನವೂ ಮುಗಿದು, ಹರಿತಾ ಆಯ್ಕೆಯಾಗಿದ್ದಾಳೆ. ಸಿಹಿ ಹಿಡಿದು ಅದೇ ಜಗಲಿಗೆ ಬಂದ ರಾಮಾಂಜಿನಮ್ಮನಿಗೆ ಸಂತೋಷದ ಜೊತೆಗೊಂದು ಅನುಮಾನ.

"ಓದೋಳಿಗೆ ಅವರೇ ಯಾಕೆ ಸಂಬಳ ಕೊಡ್ತಾರೆ? ಏನಾರ ಮೋಸಗೀಸ ಇದ್ದೀತು."

"ಮೋಸ ಅಲ್ಲ ಕಣಮ್ಮ. ಕುರಿ ಕಾಯಿಲೆ ಗುರ್ತು ಹಿಡಿಯಾದೂ ಒಂದು ಕೆಲ್ಸಾನೇ. ನೀನು ಇಷ್ಟು ವರ್ಷ ಬಿಟ್ಟಿ ಮಾಡ್ದೆ, ಇವಳಿಗೆ ಸಂಬಳ ಕೊಡ್ತಾರೆ."

ರಾಮಾಂಜಿನಮ್ಮ ಮಗಳನ್ನೊಮ್ಮೆ ನೋಡುತ್ತಾರೆ, ಲ್ಯಾಪ್‌ಟಾಪನ್ನೊಮ್ಮೆ ನೋಡುತ್ತಾರೆ.

"ಹಂಗಾರೆ ನಂದು ಹಳೇ ಬಾಕಿ ಬಾಳ ಐತೆ ಅಂತ ಅವರಿಗೊಂದು ಸಾಲು ಬರ್ದುಬುಡಿ ಪದ್ಮಕ್ಕ."