ಕಲ್ಲುಕೋಣ ಮತ್ತು ಒಬ್ಬ ಮುಯ್ಯಾಳು

ಮೊನ್ನೆ ರೇಷನ್ ಕಾರ್ಡಿನ ನಕಲು ಹುಡುಕಲು ಹೋಗಿ ಟ್ರಂಕಿನ ತಳದಲ್ಲಿ ನನ್ನ ಹಳೇ ಫೋನು ಸಿಕ್ಕಿತು. ಹುಡುಕಿದ್ದು ಸಿಗುವುದಿಲ್ಲ, ಸಿಕ್ಕಿದ್ದನ್ನು ಬಿಡುವುದಿಲ್ಲ. ನನ್ನ ಜಾಯಮಾನವೇ ಅಷ್ಟು. ಚಾರ್ಜಿಗೆ ಹಾಕಿ, ಹೊಸ ಫೋನಿನಿಂದ ನೆಟ್ ಕೊಟ್ಟೆ. ಮೂಲೆ ಒಡೆದ ಗಾಜಿನ ಹಿಂದೆ ಆಗ ಆಡುತ್ತಿದ್ದ ಆಟ ಎದ್ದು ಕೂತಿತು. ನನ್ನ ತಂಡದ ಐದು ಜನ ಸಾಲಾಗಿ ನಿಂತಿದ್ದರು. ಐದನೆಯವಳು, ಹಸಿರು ಶಾಲಿನ ಮದ್ದಿನಜ್ಜಿ, ನನ್ನವಳಲ್ಲ. ಅವಳ ಕಾಲಡಿ ಇನ್ನೂ ರತ್ನಳ ಹೆಸರೇ ಇತ್ತು.

ರತ್ನ ತಳಿ ಎಂಬ ಊರಿನ ಕಡೆಯವಳು. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ನಾವಿಬ್ಬರೂ ಒಂದೇ ಲೈನಿನಲ್ಲಿ ಅಕ್ಕಪಕ್ಕ ನಿಂತು ವೈರು ಜೋಡಿಸುತ್ತಿದ್ದೆವು. ಒಳಗೆ ಫೋನು ಬಿಡುತ್ತಿರಲಿಲ್ಲ. ಶಿಫ್ಟ್ ಮುಗಿಸಿ, ಗೇಟಿನಲ್ಲಿ ಫೋನು ವಾಪಸ್ ಪಡೆದು, ಅವಳ ತಳಿ ಬಸ್ಸೂ ನನ್ನ ಉದ್ದನಪಲ್ಲಿ ಬಸ್ಸೂ ಹೊರಡುವ ತನಕ ಇಪ್ಪತ್ತು ನಿಮಿಷ. ಅದೇ ನಮ್ಮ ರಾಜ್ಯಭಾರ. ಮೂವತ್ತು ದಾಟಿದ ಇಬ್ಬರು ಹೆಂಗಸರು ಕಲ್ಲುಬೆಂಚಿನ ಮೇಲೆ ಕೂತು ರಾಕ್ಷಸರನ್ನು ಹೊಡೆಯುತ್ತಿದ್ದೆವು ಎಂದರೆ ನಿಮಗೆ ನಗು ಬರಬಹುದು. ಸೆಕ್ಯೂರಿಟಿಯವನೂ ನಗುತ್ತಿದ್ದ.

ಆ ಆಟದ ಕೊನೆಯ ದೊಡ್ಡ ರಾಕ್ಷಸನಿಗೆ ಕಲ್ಲುಕೋಣ ಎಂದು ಹೆಸರಿಟ್ಟಿದ್ದೆವು. ಐದು ಜನರ ತಂಡ ಕಟ್ಟಿ ಅವನ ಮೇಲೆ ಬಿಡಬೇಕು. ನಾನೋ ಕತ್ತಿ ಹಿಡಿದವರನ್ನೇ ಆರಿಸುತ್ತಿದ್ದೆ. ಹತ್ತು ಎಣಿಸುವಷ್ಟರಲ್ಲಿ ಐವರೂ ಮಕಾಡೆ ಬೀಳುತ್ತಿದ್ದರು. ಒಂದು ತಿಂಗಳು ಇದೇ ಕಥೆ.

ಬುದ್ಧಿ ಹೇಳಿದವಳು ನಮ್ಮ ಮನೆಯಲ್ಲೇ ಇರುವ ದೊಡ್ಡಮ್ಮ. ರಾಗಿ ಹೊಲದ ಕಳೆಗೆ ಊರ ಹೆಂಗಸರನ್ನು ಆರಿಸಿ ಕೂಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವರೆಕಾಯಿ ಸುಲಿಯುತ್ತಾ ನನ್ನ ಫೋನಿಗೆ ಇಣುಕಿದಳು.

“ಎಲ್ಲಾ ಮುಂದಕ್ಕೆ ಓಡೋರ್ನೇ ಕರ್ಕಂಡ್ರೆ ಹಿಂದೆ ಬುಟ್ಟಿದ್ದು ಯಾರ್ ಕೀಳ್ತಾರೆ? ಸುಸ್ತಾದೋರ್ಗೆ ನೀರ್ ಕೊಡೋಳೊಬ್ಳು ಬ್ಯಾಡ್ವಾ?”

ನೀರು ಕೊಡುವಂಥವಳು ನನ್ನಲ್ಲಿರಲಿಲ್ಲ, ರತ್ನಳಲ್ಲಿ ಇದ್ದಳು. ಗೆಳತಿಯಿಂದ ಒಬ್ಬರನ್ನು ಎರವಲು ತರಬಹುದಿತ್ತು. ಆದರೆ ಕೊಟ್ಟವರು ವಾಪಸ್ ಕರೆಯುವ ತನಕ ಅವರ ತಂಡದಲ್ಲಿ ಆ ಜಾಗ ಖಾಲಿ. ಕೇಳಿದ್ದೇ ತಡ, ರತ್ನ ಮದ್ದಿನಜ್ಜಿಯನ್ನು ಕೊಟ್ಟಳು. ಮುಂದೆ ಗುರಾಣಿಯವನು, ನಡುವೆ ಮೂವರು ಕತ್ತಿಯವರು, ಹಿಂದೆ ಅಜ್ಜಿ. ಮಾರನೇ ಸಂಜೆ ಗೇಟಿನ ಮುಂದೆಯೇ ಕಲ್ಲುಕೋಣ ಬಿದ್ದ. ನಾವಿಬ್ಬರೂ ಕುಣಿದ ರಭಸಕ್ಕೆ ನನ್ನ ಊಟದ ಡಬ್ಬಿ ಚರಂಡಿಗೆ ಉರುಳಿತು.

ಮನೆಗೆ ಬಂದು ಹೇಳಿದರೆ ದೊಡ್ಡಮ್ಮ ಕೇಳಿದ್ದು ಒಂದೇ ಮಾತು. “ಮುಯ್ಯಾಳು ಕರ್ಕಂಡಿದೀಯ. ಅವ್ಳ್ ಕೆಲ್ಸಕ್ಕೆ ಯಾವಾಗ ಹೋಯ್ತೀಯ?” ನಮ್ಮಲ್ಲಿ ಹಾಗೆ. ಇವತ್ತು ನಮ್ಮ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ನಾವು. ಕೂಲಿಯ ಮಾತಿಲ್ಲ, ಮರೆಯುವ ಹಾಗೂ ಇಲ್ಲ.

“ಹೋಯ್ತೀನಿ ಬುಡು,” ಅಂದೆ.

ಹೋಗಲಿಲ್ಲ. ಆಟದ ಕಂಪನಿಯವರು ಕಲ್ಲುಕೋಣನನ್ನು ತೆಗೆದುಹಾಕುವ ಮುಂಚಿನ ಕೊನೆಯ ದಿನ, ಒಂದು ಭಾನುವಾರ, ರತ್ನ ಫೋನು ಮಾಡಿದಳು. “ನಿನ್ ಗುರಾಣಿಯವನ್ನ ಒಂದ್ ದಿನ ಕಳ್ಸೇ. ಇವತ್ ಬುಟ್ರೆ ಆಗಲ್ಲ.” ಅವತ್ತು ನಾನು ಇನ್ನೊಂದು ಸಲ ಗೆದ್ದರೆ ನನಗೊಂದು ಕಿರೀಟ ಬರುವುದಿತ್ತು. ನಿಜದ ಕಿರೀಟವಲ್ಲ, ಹೆಸರಿನ ಮುಂದೆ ಕಡಲೆಕಾಳಿನಷ್ಟು ಒಂದು ಚಿತ್ರ.

“ಚಾರ್ಜ್ ಇಲ್ಲ ಕಣೇ, ಕರೆಂಟೂ ಹೋಗೈತೆ,” ಅಂದುಬಿಟ್ಟೆ.

“ಹೌದಾ? ಆಯ್ತು ಬುಡು.”

ಕಿರೀಟ ಗೆದ್ದೆ. ಅವಳ ಅಜ್ಜಿಯನ್ನು ಇಟ್ಟುಕೊಂಡೇ ಗೆದ್ದೆ, ನಾಚಿಕೆಗೇಡು. ಗೆದ್ದವರ ಹೆಸರು ಗೆಳತಿಯರಿಗೆಲ್ಲ ಆ ಕ್ಷಣವೇ ಕಾಣುತ್ತದೆ ಎಂಬುದು ಆಮೇಲೆ ಹೊಳೆಯಿತು.

ಸೋಮವಾರ ರತ್ನ ಎಂದಿನಂತೆ ಪಕ್ಕದಲ್ಲಿ ನಿಂತಳು, ಊಟಕ್ಕೆ ಎಂದಿನಂತೆ ಉಪ್ಪಿನಕಾಯಿ ಕೊಟ್ಟಳು. ಆಟದ ಮಾತು ಮಾತ್ರ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎರಡು ತಿಂಗಳಿಗೆ ಅವಳ ಕಾಂಟ್ರಾಕ್ಟ್ ಮುಗಿದು ಊರಿಗೆ ಹೋದಳು. ಮೊದಮೊದಲು ಮಾಡಿದ ತಪ್ಪಿನ ನಾಚಿಕೆಗೆ ನಾನು ಫೋನು ಮಾಡಲಿಲ್ಲ. ಆಮೇಲೆ ಇಷ್ಟು ದಿನ ಮಾಡಲಿಲ್ಲವಲ್ಲ ಎಂಬ ನಾಚಿಕೆ. ಹೀಗೇ ಐದಾರು ವರ್ಷ ಕಳೆಯಿತು.

ಈಗ ನೋಡಿದರೆ ಅವಳು ಅಜ್ಜಿಯನ್ನು ವಾಪಸ್ ಕರೆದೇ ಇಲ್ಲ. ಧೈರ್ಯ ಮಾಡಿ ಅವಳ ಹಳೇ ನಂಬರಿಗೇ ಫೋನು ಹಚ್ಚಿದೆ.

“ಯಾರು? ಉದ್ದನಪಲ್ಲಿಯೋಳಾ?” ದನಿ ಹಾಗೇ ಇತ್ತು.

“ನಿನ್ನ ಮದ್ದಿನಜ್ಜಿ ಇನ್ನೂ ನನ್ ತಾವೇ ಅವ್ಳೆ ಕಣೇ.”

ರತ್ನ ನಕ್ಕಳು. “ಆಟ ಬುಟ್ಟು ಯಾವ್ ಕಾಲ ಆಯ್ತು. ಇಲ್ಲಿ ರಾಗಿ ಹೊಲ್ದಾಗೆ ಕಳೆ ಮೊಣಕಾಲುದ್ದ ಬೆಳ್ದೈತೆ, ಒಂದಾಳೂ ಸಿಕ್ತಿಲ್ಲ.”

ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

“ಭಾನುವಾರ ನಾನ್ ಬತ್ತೀನಿ,” ಅಂದೆ.

“ಬಾ,” ಅಂದಳು ರತ್ನ. “ಆಮೇಲೆ ಚಾರ್ಜ್ ಇಲ್ಲ ಅನ್ಬ್ಯಾಡ.”